ಎಸಿಪಿ: ಪರದೆಯ ಗೊಂಬೆಗಳ ಮುನ್ನೋಟದ ಫೈಲು

ಎಸಿಪಿ ಎಂಬುದು ಮೈಕ್ರೋಸಾಫ್ಟ್ ಆಫೀಸಿನ ‘ಆಫೀಸ್ ಅಸಿಸ್ಟೆಂಟ್’ ಗೊಂಬೆಗಳಿಗೆ ಸೇರಿದ, ಈಗ ಬಳಕೆಯಲ್ಲಿಲ್ಲದ ಒಂದು ಫೈಲ್ ಬಗೆ. ವರ್ಡ್, ಎಕ್ಸೆಲ್ ತೆರೆದೊಡನೆ ಪರದೆಯ ಮೂಲೆಯಲ್ಲಿ ಕಾಣಿಸಿಕೊಂಡು ಹುಬ್ಬು ಹಾರಿಸುತ್ತಿದ್ದ ಆ ಗೊಂಬೆಗಳಲ್ಲಿ ಯಾವುದು ಬೇಕೆಂದು ಆರಿಸುವ ಮೊದಲು ಒಮ್ಮೆ ನೋಡಲು ಸಿಗುತ್ತಿದ್ದ ಮುನ್ನೋಟ ಈ ಫೈಲಿನದು. ಗೊಂಬೆಯ ಪೂರ್ತಿ ಆಟ ಬೇರೊಂದು ದೊಡ್ಡ ಫೈಲಿನಲ್ಲಿರುತ್ತಿತ್ತು. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಜಾತ್ರೆಗಳಲ್ಲಿ ಡೇರೆ ಹಾಕುವ ನಾಟಕ ಕಂಪನಿಯನ್ನು ನೋಡಿದವರಿಗೆ ಈ ಏರ್ಪಾಡು ಹೊಸದೆನಿಸದು. ಡೇರೆಯ ಮುಂದಿನ ಬೋರ್ಡಿನಲ್ಲಿ ನಾಯಕ, ನಾಯಕಿ, ಹಾಸ್ಯಪಾತ್ರದ ಚಿತ್ರಗಳಿರುತ್ತವೆ; ನಾಟಕ ನಡೆಯುವುದು ಒಳಗೆ, ಟಿಕೆಟ್ ತೆಗೆದ ಮೇಲೆ. ಎಸಿಪಿ ಆ ಹೊರಗಿನ ಬೋರ್ಡು. ಹತ್ತಿಕುಣಿಯ ಹುಡುಗನೊಬ್ಬ ಬೋರ್ಡು ನೋಡಿ ನಾಟಕ ಹೇಗಿದ್ದೀತು ಎಂದು ಊಹಿಸಬಲ್ಲ, ಆದರೆ ಬೋರ್ಡಿನಿಂದ ನಾಟಕವನ್ನು ಆಡಿಸಲಾರ. ಡೇರೆ ಕಿತ್ತುಹೋದ ಮೇಲೆ ಬೋರ್ಡೊಂದೇ ಉಳಿದರೆ ಅದು ಯಾವ ನಾಟಕದ್ದೆಂದು ಹೇಳುವವರೂ ಸಿಗಲಾರರು. ಈ ಫೈಲಿಗೆ ಆದದ್ದೂ ಹೆಚ್ಚುಕಡಿಮೆ ಅದೇ.

ಗೊಂಬೆ ಬಂದ ದಾರಿ

ಕಂಪ್ಯೂಟರಿನೊಳಗೆ ಮಾತಾಡುವ ಗೊಂಬೆಯನ್ನು ಕೂರಿಸುವ ಯೋಚನೆಯ ಹಿಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರ ಕೆಲಸವಿತ್ತು. ಕ್ಲಿಫರ್ಡ್ ನಾಸ್ ಮತ್ತು ಬೈರನ್ ರೀವ್ಸ್ ನಡೆಸಿದ ಪ್ರಯೋಗಗಳಲ್ಲಿ ಜನ ಯಂತ್ರವನ್ನು ಯಂತ್ರವೆಂದು ಬಲ್ಲವರಾದರೂ ಅದರೊಡನೆ ಮನುಷ್ಯರೊಡನೆ ನಡೆದುಕೊಂಡಂತೆಯೇ ನಡೆದುಕೊಳ್ಳುವುದು ಕಂಡುಬಂತು. ತಮ್ಮನ್ನು ಹೊಗಳಿದ ಯಂತ್ರವನ್ನು ಅವರು ಮೆಚ್ಚುತ್ತಿದ್ದರು. ಯಂತ್ರದ ಬಗ್ಗೆ ಅದರ ಮುಂದೆಯೇ ಕೇಳಿದರೆ ದಾಕ್ಷಿಣ್ಯದಿಂದ ಉತ್ತರಿಸುತ್ತಿದ್ದರು. ಈ ಸಂಶೋಧನೆಯ ನೆರಳಿನಲ್ಲಿ ಮೈಕ್ರೋಸಾಫ್ಟ್ 1995ರಲ್ಲಿ ‘ಬಾಬ್’ ಎಂಬ ತಂತ್ರಾಂಶವನ್ನು ಮಾರುಕಟ್ಟೆಗೆ ಬಿಟ್ಟಿತು. ಪರದೆಯೇ ಒಂದು ಮನೆ, ಗಡಿಯಾರ ಒತ್ತಿದರೆ ಕ್ಯಾಲೆಂಡರ್, ಕಾಗದ ಒತ್ತಿದರೆ ಪತ್ರ, ದಾರಿ ತೋರಲು ರೋವರ್ ಎಂಬ ಹಳದಿ ನಾಯಿ. ಬಾಬ್ ಒಂದು ವರ್ಷವೂ ಸರಿಯಾಗಿ ಬಾಳಲಿಲ್ಲ. ನಾಯಿ ಮಾತ್ರ ಉಳಿಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಫೈಲು ಹುಡುಕುವ ಕಿಟಕಿಯ ಕೆಳಗೆ ಬಾಲ ಅಲ್ಲಾಡಿಸುತ್ತ ಕೂರುತ್ತಿದ್ದುದು ಅದೇ ರೋವರ್.

ಬಾಬ್ ಸೋತರೂ ಯೋಚನೆ ಸೋಲಲಿಲ್ಲ. 1996ರ ನವೆಂಬರಿನಲ್ಲಿ ಹೊರಬಂದ ಆಫೀಸ್ 97ರಲ್ಲಿ ಗೊಂಬೆಗಳು ಮರಳಿದವು. ಎಲ್ಲರಿಗೂ ನೆನಪಿರುವುದು ಕಾಗದ ಸಿಕ್ಕಿಸುವ ತಂತಿಯ ಕ್ಲಿಪ್ಪು, ಅಧಿಕೃತ ಹೆಸರು ‘ಕ್ಲಿಪ್ಪಿಟ್’, ಜನರ ಬಾಯಲ್ಲಿ ‘ಕ್ಲಿಪ್ಪಿ’. ಅದನ್ನು ಬರೆದವರು ಕೆವನ್ ಅಟ್ಟೆಬೆರಿ ಎಂಬ ಅಮೆರಿಕದ ಚಿತ್ರಕಾರ. ಸುಮಾರು 250 ಪಾತ್ರಗಳ ಕರಡುಗಳನ್ನು ಜನರಿಗೆ ತೋರಿಸಿ, ಸೋಸಿ, ಕೊನೆಗೆ ಉಳಿಸಿಕೊಂಡ ಬೆರಳೆಣಿಕೆಯ ಪಾತ್ರಗಳಲ್ಲಿ ಅದೊಂದು. ಮೈಕ್ರೋಸಾಫ್ಟಿನ ಈ ಪ್ರಸಿದ್ಧ ಪಾತ್ರವನ್ನು ಅವರು ಬಿಡಿಸಿದ್ದು ಆ್ಯಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರಿನಲ್ಲಿ. ಕ್ಲಿಪ್ಪಿಯ ಜೊತೆಗೆ ಕೆಂಪು ಚೆಂಡಿನಂಥ ಡಾಟ್, ಐನ್‌ಸ್ಟೈನನ್ನು ಹೋಲುವ ಜೀನಿಯಸ್, ಷೇಕ್ಸ್‌ಪಿಯರನ ರೂಪದ ವಿಲ್, ಹಾರುವ ಯಂತ್ರಮಾನವ ಹೋವರ್‌ಬಾಟ್, ಭೂಗೋಳದ ಆಕಾರದ ಪ್ರಕೃತಿಮಾತೆ, ಕಾಗದದ ಬೆಕ್ಕು ಸ್ಕ್ರಿಬಲ್, ಪವರ್ ಪಪ್ ಎಂಬ ನಾಯಿ, ಆಫೀಸಿನ ಲಾಂಛನ: ಒಟ್ಟು ಒಂಬತ್ತು. ಆರಿಸಿಕೊಳ್ಳಲು ‘ಗ್ಯಾಲರಿ’ ಎಂಬ ಪುಟ್ಟ ಕಿಟಕಿ. ಅದರಲ್ಲಿ ಮುಂದೆ, ಹಿಂದೆ ಎಂಬ ಗುಂಡಿಗಳು. ಒತ್ತಿದಂತೆ ಒಂದೊಂದು ಗೊಂಬೆ ಮುಂದೆ ಬಂದು ತನ್ನ ಹೆಸರು ಹೇಳಿ, ತನ್ನ ಬಗ್ಗೆ ಎರಡು ಸಾಲು ಬಡಾಯಿ ಕೊಚ್ಚಿಕೊಳ್ಳುತ್ತಿತ್ತು. ಮುನ್ನೋಟದ ಅಗತ್ಯ ಹುಟ್ಟಿದ್ದು ಈ ಕಿಟಕಿಯಿಂದ.

ಮುನ್ನೋಟಕ್ಕೆ ಬೇರೆ ಫೈಲು ಏಕೆ

ಇಂದಿನ ಓದುಗರಿಗೆ ಇದು ವಿಚಿತ್ರವಾಗಿ ಕಾಣಬಹುದು. ಗೊಂಬೆಯ ಫೈಲನ್ನೇ ತೆರೆದು ಮೊದಲ ಚಿತ್ರ ತೋರಿಸಿದರೆ ಮುಗಿಯಲಿಲ್ಲವೇ? ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಇಂಥ ಗೊಂಬೆಯ ಒಂದು ಚಿತ್ರ ಸಾಮಾನ್ಯವಾಗಿ 128 ಪಿಕ್ಸೆಲ್ ಅಗಲ, 128 ಪಿಕ್ಸೆಲ್ ಎತ್ತರ. 256 ಬಣ್ಣಗಳ ಪದ್ಧತಿಯಲ್ಲಿ ಒಂದು ಪಿಕ್ಸೆಲ್ಲಿಗೆ ಒಂದು ಬೈಟ್ ಬೇಕು; ಅಂದರೆ ಒಂದು ಚಿತ್ರಕ್ಕೆ 16,384 ಬೈಟ್. ಗೊಂಬೆ ಕೈ ಬೀಸಲು ಹತ್ತು ಚಿತ್ರ, ತಲೆ ಕೆರೆದುಕೊಳ್ಳಲು ಇನ್ನು ಹತ್ತು, ಕಾಗದ ಮುದ್ರಣಕ್ಕೆ ಹೋದಾಗ ಒಂದು ಆಟ, ಫೈಲು ಉಳಿಸಿದಾಗ ಇನ್ನೊಂದು, ಸುಮ್ಮನೆ ಕೂತಾಗ ಆಕಳಿಕೆಗೆ ಮತ್ತೊಂದು. ಒಂದು ಗೊಂಬೆಗೆ 500 ಚಿತ್ರಗಳೆಂದು ಹಿಡಿದರೂ ಒತ್ತದೆ ಇಟ್ಟಾಗ ಎಂಟು ಮೆಗಾಬೈಟ್ ಆಗುತ್ತದೆ. ಒತ್ತಿ ಕಿರಿದು ಮಾಡಿದರೆ ಒಂದೆರಡು ಮೆಗಾಬೈಟ್. ಅದರ ಮೇಲೆ ಧ್ವನಿ ಬೇರೆ. ಹಾರ್ಡ್ ಡಿಸ್ಕಿನ ಒಟ್ಟು ಅಳತೆಯೇ ಒಂದೆರಡು ಗಿಗಾಬೈಟ್ ಇದ್ದ ಕಾಲದಲ್ಲಿ, ಬಳಸುವುದು ಒಂದೇ ಗೊಂಬೆಯಾದರೂ ಎಲ್ಲವನ್ನೂ ತುಂಬಿಡುವುದು ದುಂದು.

ಹಾಗಾಗಿ ಒಂದು ಗೊಂಬೆ ಡಿಸ್ಕಿನಲ್ಲಿ, ಉಳಿದವು ಸಿ.ಡಿ.ಯಲ್ಲಿ. ಡಿಸ್ಕಿನಲ್ಲಿಲ್ಲದ ಗೊಂಬೆಯನ್ನು ಆರಿಸಿದರೆ ಸಿ.ಡಿ. ಹಾಕಿ ಎಂಬ ಕೋರಿಕೆ ಬರುತ್ತಿತ್ತು. ನಮ್ಮ ಊರುಗಳಲ್ಲಿ ಈ ಕೋರಿಕೆ ಬಹುಪಾಲು ಈಡೇರಲಿಲ್ಲ. ಕಂಪ್ಯೂಟರ್ ಜೋಡಿಸಿಕೊಟ್ಟವರು ಆಫೀಸನ್ನು ತುಂಬಿ ಸಿ.ಡಿ.ಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿರುತ್ತಿದ್ದರು. ಉಳಿದ ಎಂಟು ಗೊಂಬೆಗಳು ಬೋರ್ಡಿನ ಮೇಲಿನ ಚಿತ್ರಗಳಾಗಿಯೇ ಉಳಿದು, ಒಂದು ತಲೆಮಾರಿಗೆ ಆಫೀಸ್ ಸಹಾಯಕನೆಂದರೆ ಆ ತಂತಿಯ ಕ್ಲಿಪ್ಪು ಒಂದೇ ಎನ್ನಿಸಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಒಂದೇ ಮನೆತನದ ಫೈಲುಗಳು

ಗೊಂಬೆಯ ಫೈಲುಗಳು ಒಂದು ಕುಟುಂಬ. ಎಲ್ಲದರ ಮನೆಹೆಸರೂ ‘ಎ-ಸಿ’ ಎಂದೇ ಮೊದಲಾಗುತ್ತದೆ. ಆಫೀಸ್ 97ರಲ್ಲಿ ಗೊಂಬೆಯ ಪೂರ್ತಿ ಮೈ ಇದ್ದದ್ದು ‘ಎಸಿಟಿ’ ಫೈಲಿನಲ್ಲಿ, ಅಂದರೆ ‘ಆ್ಯಕ್ಟರ್’, ನಟ. ಆಫೀಸ್ 2000ದಿಂದ ನಟನ ಜಾಗಕ್ಕೆ ‘ಎಸಿಎಸ್’ ಬಂತು. ಇದು 1997ರಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ‘ಏಜೆಂಟ್’ ತಂತ್ರಜ್ಞಾನದ ಫೈಲು. ಆಫೀಸಿಗೆ ಮಾತ್ರವಲ್ಲದೆ ಯಾರು ಬೇಕಾದರೂ ತಮ್ಮ ತಂತ್ರಾಂಶದಲ್ಲೋ ಜಾಲಪುಟದಲ್ಲೋ ಗೊಂಬೆ ಕುಣಿಸಲೆಂದು ಮಾಡಿದ್ದು. ಮರ್ಲಿನ್ ಎಂಬ ಮಾಂತ್ರಿಕ, ಜೀನಿ ಎಂಬ ದೀಪದ ಭೂತ, ಪೀಡಿ ಎಂಬ ಹಸಿರು ಗಿಳಿ, ರಾಬಿ ಎಂಬ ಯಂತ್ರಮಾನವ ಅದರ ನಾಲ್ಕು ಪಾತ್ರಗಳು. ಗೊಂಬೆ ಮಾಡುವವರು ತಿದ್ದುವಾಗ ಬಳಸುವ ಮೂಲ ವಿವರಣೆ ‘ಎಸಿಡಿ’. ಜಾಲದ ಮೂಲಕ ಬಿಡಿಬಿಡಿಯಾಗಿ ತರಿಸಲು ‘ಎಸಿಎಫ್’, ‘ಎಸಿಎ’ ಎಂಬ ಜೋಡಿ. ಮುನ್ನೋಟಕ್ಕೆ ‘ಎಸಿಪಿ’.

ಎಸಿಎಫ್ ಜೋಡಿಯಲ್ಲಿ ಎಸಿಪಿಯ ತರ್ಕವೇ ಇನ್ನೊಂದು ವೇಷದಲ್ಲಿದೆ. ಭಾರತದಲ್ಲಿ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಆಗ ಟೆಲಿಫೋನ್ ತಂತಿಯ ಮೋಡೆಮ್ ಸೆಕೆಂಡಿಗೆ 28.8 ಕಿಲೋಬಿಟ್ ಎಳೆದರೆ ದೊಡ್ಡದು. ಎರಡು ಮೆಗಾಬೈಟಿನ ಗೊಂಬೆ ಆ ತಂತಿಯಲ್ಲಿ ಇಳಿಯಲು ಯಾವ ಅಡ್ಡಿಯೂ ಇಲ್ಲದಿದ್ದರೆ ಸುಮಾರು ಹತ್ತು ನಿಮಿಷ. ಅಷ್ಟು ಹೊತ್ತು ಕಾಯಿಸುವ ಬದಲು ಎಸಿಎಫ್‌ನಲ್ಲಿ ಗೊಂಬೆಯ ಹೆಸರು, ಬಣ್ಣ, ಆಟಗಳ ಪಟ್ಟಿಯನ್ನಷ್ಟೇ ಮೊದಲು ತರಿಸಿ, ಒಂದೊಂದು ಆಟಕ್ಕೂ ಬೇಕಾದ ಚಿತ್ರಗಳನ್ನು ಒಂದೊಂದು ಎಸಿಎ ಫೈಲಿನಿಂದ ಬೇಕಾದಾಗ ತರಿಸುತ್ತಿದ್ದರು. ಪೂರ್ತಿ ಸಾಮಾನು ಹೊರುವ ಶಕ್ತಿ ಇಲ್ಲದಾಗ ಪಟ್ಟಿ ಮೊದಲು, ಸಾಮಾನು ಆಮೇಲೆ.

ಮೂರಕ್ಷರದ ಈ ಹೆಸರುಗಳಲ್ಲಿ ಒಂದು ತೊಡಕಿದೆ. ಹಳೆಯ ಡಾಸ್ ಕಾಲದಿಂದ ಫೈಲಿನ ಹೆಸರಿಗೆ ಎಂಟಕ್ಷರ, ಬಗೆಗೆ ಮೂರಕ್ಷರ ಎಂಬ ಕಟ್ಟಳೆ ಇತ್ತು. ಮೂರಕ್ಷರದಲ್ಲಿ ಎಷ್ಟು ಹೆಸರು ಮಾಡಲಾದೀತು? ಎಸಿಟಿ ಎಂದರೆ ಆಫೀಸಿನ ನಟ. ಫೋಟೋಶಾಪ್ ಬಳಸುವವರಿಗೆ ಅದೇ ಎಸಿಟಿ ಬಣ್ಣಗಳ ಪಟ್ಟಿ, 256 ಬಣ್ಣಕ್ಕೆ ಮೂರು ಮೂರರಂತೆ 768 ಬೈಟ್. ಒಂದೇ ಊರಿನಲ್ಲಿ ಐದು ಜನ ಮಲ್ಲಪ್ಪಗಳಿದ್ದಾಗ ಬರಿಯ ಹೆಸರಿನಿಂದ ಮನೆ ಸಿಗುವುದಿಲ್ಲ. ಅದಕ್ಕೆಂದೇ ಹಲವು ಬಗೆಯ ಫೈಲುಗಳು ತಮ್ಮ ಮೊದಲ ಕೆಲವು ಬೈಟುಗಳಲ್ಲಿ ಗುರುತಿನ ಮುದ್ರೆ ಒತ್ತಿಕೊಂಡಿರುತ್ತವೆ. ಜಿಫ್ ಚಿತ್ರ ‘ಜಿ-ಐ-ಎಫ್’ ಎಂಬ ಅಕ್ಷರಗಳಿಂದಲೇ ಆರಂಭವಾಗುತ್ತದೆ. ಜೆಪಿಇಜಿಯ ಮೊದಲ ಎರಡು ಬೈಟು ಹದಿನಾರರ ಲೆಕ್ಕದಲ್ಲಿ ‘ಎಫ್‌ಎಫ್, ಡಿ8’. ಎಸಿಎಸ್‌ನ ಮುದ್ರೆ ‘ಎಬಿಸಿಡಿಎಬಿಸಿ3’ ಎಂಬ ಸಂಖ್ಯೆ. ಹದಿನಾರರ ಲೆಕ್ಕದಲ್ಲಿ ಎ, ಬಿ, ಸಿ, ಡಿಗಳೂ ಅಂಕಿಗಳೇ ಆದ್ದರಿಂದ ಬರೆದವರು ಮಗ್ಗಿ ಒಪ್ಪಿಸುವ ಹುಡುಗರಂತೆ ಎಬಿಸಿಡಿ ಎಂದುಬಿಟ್ಟಿದ್ದಾರೆ. ಇಂಟೆಲ್ ಯಂತ್ರಗಳು ಸಂಖ್ಯೆಯ ಕೊನೆಯ ತುಂಡನ್ನು ಮೊದಲು ಇಡುವುದರಿಂದ ಫೈಲಿನಲ್ಲಿ ಅದು ‘ಸಿ3, ಎಬಿ, ಸಿಡಿ, ಎಬಿ’ ಎಂದು ತಿರುಗುಮುರುಗಾಗಿ ಕಾಣುತ್ತದೆ.

ಗೊಂಬೆಯ ಒಳಗೆ

ಮುನ್ನೋಟ ಏನನ್ನು ಬಿಟ್ಟುಕೊಟ್ಟಿತ್ತು ಎಂದು ತಿಳಿಯಬೇಕಾದರೆ ಪೂರ್ತಿ ಗೊಂಬೆಯ ಒಳಹೊಕ್ಕು ನೋಡಬೇಕು. ಎಸಿಎಸ್ ಫೈಲಿನಲ್ಲಿ ಮುದ್ರೆಯ ಬೆನ್ನಿಗೇ ನಾಲ್ಕು ವಿಳಾಸಗಳಿವೆ: ಪಾತ್ರದ ವಿವರ ಎಲ್ಲಿದೆ, ಆಟಗಳು ಎಲ್ಲಿವೆ, ಚಿತ್ರಗಳು ಎಲ್ಲಿವೆ, ಧ್ವನಿಗಳು ಎಲ್ಲಿವೆ. ಪಾತ್ರದ ವಿವರದಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಗೊಂಬೆಯ ಹೆಸರು, ಪರಿಚಯ, ಮಾತಿನ ಗುಳ್ಳೆಯ ಬಣ್ಣ, ಅಕ್ಷರದ ಗಾತ್ರ, ಧ್ವನಿಯ ವೇಗ, ಬಣ್ಣಗಳ ಪಟ್ಟಿ ಇರುತ್ತವೆ. 256 ಬಣ್ಣಗಳಲ್ಲಿ ಇಪ್ಪತ್ತು ವಿಂಡೋಸಿನ ಸ್ವಂತಕ್ಕೆ ಮೀಸಲು, ಮಿಕ್ಕ 236 ಗೊಂಬೆಗೆ. ಅವುಗಳಲ್ಲಿ ಒಂದನ್ನು ‘ಇಲ್ಲದ ಬಣ್ಣ’ ಎಂದು ಸಾರಿರಬೇಕು. ಆ ಬಣ್ಣ ಬಳಿದ ಜಾಗವೆಲ್ಲ ಪಾರದರ್ಶಕ. ಆಫೀಸ್ 97ರ ಗೊಂಬೆ ತನ್ನದೇ ಪುಟ್ಟ ಕಿಟಕಿಯ ಚೌಕದೊಳಗೆ ಕೂತಿತ್ತು. ಆಫೀಸ್ 2000ದಲ್ಲಿ ಅದು ಚೌಕ ಬಿಟ್ಟು, ಬರೆಯುತ್ತಿರುವ ಕಾಗದದ ಮೇಲೆಯೇ ಇಳಿದು ನಿಂತದ್ದು ಈ ಉಪಾಯದಿಂದ. ಪ್ರತಿ ಚಿತ್ರದ ಅಂಚನ್ನು ಕತ್ತರಿಸಿ, ಅದೇ ಆಕಾರದ ಕಿಟಕಿಯನ್ನು ವಿಂಡೋಸಿನಿಂದ ಮಾಡಿಸಿಕೊಳ್ಳುತ್ತಿತ್ತು.

ಆಟಗಳ ಭಾಗದಲ್ಲಿ ನಿಜವಾದ ಕುಶಲತೆ ಇದೆ. ಸಿನಿಮಾ ರೀಲಿನಲ್ಲಿ ಒಂದಾದ ಮೇಲೆ ಒಂದು ಚಿತ್ರ ಬರುವುದು ಖಚಿತ. ಎಷ್ಟು ಸಲ ಓಡಿಸಿದರೂ ಅದೇ. ಗೊಂಬೆಗೆ ಅದು ಸಾಲದು. ದಿನವಿಡೀ ಪರದೆಯ ಮೇಲಿರುವ ಗೊಂಬೆ ಪ್ರತಿ ಸಲ ಒಂದೇ ರೀತಿ ಕಣ್ಣು ಮಿಟುಕಿಸಿದರೆ ನೋಡುವವರಿಗೆ ಬೇಸರ. ಆದ್ದರಿಂದ ಪ್ರತಿ ಚೌಕಟ್ಟಿಗೂ ಅದು ಪರದೆಯ ಮೇಲಿರಬೇಕಾದ ಹೊತ್ತನ್ನು ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಬರೆದು, ಜೊತೆಗೆ ಕವಲುಗಳನ್ನು ಕೊಡುತ್ತಿದ್ದರು. ಒಂದು ಚೌಕಟ್ಟಿನಿಂದ ಮೂರು ಕವಲುಗಳ ತನಕ ಅವಕಾಶ, ಪ್ರತಿ ಕವಲಿಗೂ ಶೇಕಡಾವಾರು ಸಾಧ್ಯತೆ. ನೂರರಲ್ಲಿ ಐವತ್ತು ಸಲ ಆರನೇ ಚಿತ್ರಕ್ಕೆ ಹೋಗು, ಇಪ್ಪತ್ತು ಸಲ ಹಿಂದಿನ ಎರಡನೆಯದಕ್ಕೆ, ಉಳಿದಂತೆ ಮುಂದಕ್ಕೆ ನಡೆ. ಯಂತ್ರ ಪ್ರತಿ ಸಲ ದಾಳ ಉರುಳಿಸಿದಂತೆ ದಾರಿ ಆರಿಸುತ್ತದೆ. ಕೆಲವೇ ಚಿತ್ರಗಳಿಂದ, ನೋಡುವವರಿಗೆ ಪುನರಾವರ್ತನೆ ಎನಿಸದಷ್ಟು ಬಗೆಬಗೆಯ ಚಲನೆ ಹುಟ್ಟುತ್ತದೆ. ಬಳಸುವವರು ಕೀಲಿಮಣೆ ಮುಟ್ಟದೆ ಕೂತಷ್ಟೂ ಗೊಂಬೆ ಬೇಸರದ ಮೂರು ಹಂತಗಳನ್ನು ದಾಟುತ್ತದೆ: ಮೊದಲು ಕಣ್ಣು ಮಿಟುಕಿಸುವುದು, ಆಮೇಲೆ ಸುತ್ತಮುತ್ತ ನೋಡುವುದು, ಕೊನೆಗೆ ತೂಕಡಿಕೆಯಂಥ ದೊಡ್ಡ ಆಟ.

ಕವಲಿನಲ್ಲಿ ಇನ್ನೊಂದು ಬಗೆ ಉಂಟು, ನಿರ್ಗಮನದ ಕವಲು. ಗೊಂಬೆ ಪುಸ್ತಕ ಬಿಚ್ಚಿ ಓದುತ್ತಿರುವ ಆಟದ ನಡುವೆ ಬಳಸುವವರು ಕರೆದರು ಎನ್ನೋಣ. ಪುಸ್ತಕ ಥಟ್ಟನೆ ಮಾಯವಾಗಿ ಗೊಂಬೆ ನೆಟ್ಟಗೆ ನಿಂತರೆ ಭ್ರಮೆ ಒಡೆಯುತ್ತದೆ. ಅದಕ್ಕಾಗಿ ಪ್ರತಿ ಚೌಕಟ್ಟಿನಿಂದಲೂ ಆಟ ಬಿಟ್ಟುಬರುವ ಅತಿ ಹತ್ತಿರದ ದಾರಿಯನ್ನು ಮೊದಲೇ ಗುರುತು ಮಾಡಿಟ್ಟಿರುತ್ತಿದ್ದರು: ಪುಸ್ತಕ ಮುಚ್ಚು, ಕಂಕುಳಿಗೆ ಸೇರಿಸು, ನಿಲ್ಲು. ಬಾಯಿಯ ವಿಷಯದಲ್ಲೂ ಇದೇ ಜಾಣತನ. ತೊಗಲುಗೊಂಬೆ ಆಡಿಸುವವರು ಭಂಗಿಗೊಂದು ಹೊಸ ತೊಗಲು ಕೊರೆಯುವುದಿಲ್ಲ. ಕೀಲು ಹಾಕಿದ ಕೈಯನ್ನಷ್ಟೇ ಅಲ್ಲಾಡಿಸುತ್ತಾರೆ. ಏಜೆಂಟಿನಲ್ಲಿಯೂ ಮುಖದ ಮೇಲೆ ಬಾಯಿಯ ತುಂಡನ್ನಷ್ಟೇ ಅಂಟಿಸಿ ತೆಗೆಯಲಾಗುತ್ತಿತ್ತು. ಮುಚ್ಚಿದ ಬಾಯಿ, ನಾಲ್ಕು ಅಳತೆಯ ತೆರೆದ ಬಾಯಿ, ನಡುವಿನದೊಂದು, ಕಿರಿದಾದುದೊಂದು: ಒಟ್ಟು ಏಳು. ಇಂಗ್ಲಿಷಿನ ಎಲ್ಲ ಸದ್ದುಗಳನ್ನೂ ಈ ಏಳರಲ್ಲೇ ಹೊಂದಿಸುತ್ತಿದ್ದರು.

ಮಾತಿನ ಧ್ವನಿ ಗೊಂಬೆಯ ಸ್ವಂತದ್ದಲ್ಲ. ಬೆಲ್ಜಿಯಂ ದೇಶದ ಲೆರ್ನೌಟ್ ಅಂಡ್ ಹೌಸ್ಪಿ ಕಂಪನಿಯ ‘ಟ್ರೂವಾಯ್ಸ್’ನಂಥ ಓದುವ ಯಂತ್ರವನ್ನು ಬೇರೆಯಾಗಿ ಹಾಕಿಕೊಂಡರೆ ಮಾತ್ರ ಏಜೆಂಟ್ ಬಾಯಿ ಬಿಡುತ್ತಿತ್ತು. ಆ ಕಂಪನಿ 2001ರಲ್ಲಿ ದಿವಾಳಿಯಾಯಿತು. ಏಜೆಂಟ್ ಒಟ್ಟು ಸುಮಾರು ಮೂವತ್ತು ಭಾಷೆಗಳಿಗೆ ಹೊಂದಿಕೊಳ್ಳುತ್ತಿತ್ತು. ಥಾಯ್, ಬಾಸ್ಕ್, ಸ್ಲೊವೇನಿಯನ್ ಇದ್ದ ಆ ಪಟ್ಟಿಯಲ್ಲಿ ಭಾರತದ ಒಂದು ಭಾಷೆಯೂ ಇರಲಿಲ್ಲ.

ಕನ್ನಡದ ಕಾಗದದ ಮುಂದೆ ಕ್ಲಿಪ್ಪಿ

ಕರ್ನಾಟಕದಲ್ಲಿ ಈ ಗೊಂಬೆ ಕುಣಿದ ಜಾಗ ಬಹುಪಾಲು ಡಿ.ಟಿ.ಪಿ. ಅಂಗಡಿಗಳು, ಕಚೇರಿಗಳು, ಕಂಪ್ಯೂಟರ್ ತರಬೇತಿ ಕೇಂದ್ರಗಳು. ಲಗ್ನಪತ್ರಿಕೆ, ಕರಪತ್ರ, ಅರ್ಜಿ, ಬಾಂಡ್ ಪೇಪರ್ ಒಕ್ಕಣೆ ಎಲ್ಲವೂ ವರ್ಡಿನಲ್ಲೇ ಸಿದ್ಧವಾಗುತ್ತಿದ್ದ ಕಾಲ. ಕನ್ನಡ ಅಕ್ಷರಕ್ಕೆ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ‘ಬರಹ’, ಆಮೇಲೆ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಇದ್ದವು. ಎರಡೂ ಬಳಸಿದ್ದು ಒಂದೇ ಉಪಾಯವನ್ನು. ಕಂಪ್ಯೂಟರಿಗೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆಂದು ಇದ್ದ 256 ಗೂಡುಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸುವುದು. ‘ಕನ್ನಡ’ ಎಂಬ ಪದವನ್ನು ನುಡಿಯಲ್ಲಿ ಹೊಡೆದರೆ ಫೈಲಿನಲ್ಲಿ ಉಳಿಯುವುದು ಏಳು ಬೈಟು: ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೆರೆಯ ‘ಎ’, ಜರ್ಮನ್ನರ ಜೋಡಿ ‘ಎಸ್’, ಚಿಕ್ಕ ‘ಕ್ಯೂ’, ಇನ್ನೊಮ್ಮೆ ಗೆರೆಯ ‘ಎ’. ಅಕ್ಷರಶೈಲಿಯ ಫೈಲು ಜೊತೆಗಿದ್ದರೆ ಇದು ‘ಕನ್ನಡ’ ಎಂದು ಕಾಣುತ್ತದೆ. ಇಲ್ಲದಿದ್ದರೆ ಪೌಂಡು, ಗೆರೆ, ಕಸ.

ಆ ಕಸವನ್ನು ನೋಡುತ್ತಿದ್ದದ್ದು ವರ್ಡ್ ಮತ್ತು ಅದರ ಗೊಂಬೆ. ಪರದೆಯ ಮೇಲೆ ಮುದ್ದಾದ ಕನ್ನಡವಿದ್ದರೂ ತಂತ್ರಾಂಶದ ಕಣ್ಣಿಗೆ ಅದು ಕೆಟ್ಟ ಇಂಗ್ಲಿಷು. ಹಾಗಾಗಿ ಪ್ರತಿ ಪದದ ಕೆಳಗೂ ಕೆಂಪು ಅಲೆಗೆರೆ. ಅಷ್ಟೇ ಆಗಿದ್ದರೆ ಅಡ್ಡಿಯಿರಲಿಲ್ಲ. ವಾಕ್ಯದ ಮೊದಲಕ್ಷರವನ್ನು ದೊಡ್ಡದು ಮಾಡುವ ತಿದ್ದುಪಡಿಯೂ ತಾನಾಗಿಯೇ ನಡೆಯುತ್ತಿತ್ತು. ನುಡಿಯ ಗೂಡುಗಳಲ್ಲಿ ಚಿಕ್ಕ ‘ಕ್ಯೂ’ ಇದ್ದಲ್ಲಿ ‘ಡ’ದ ತುಂಡಿದೆ, ದೊಡ್ಡ ‘ಕ್ಯೂ’ ಇದ್ದಲ್ಲಿ ‘ಕಿ’ ಇದೆ. ‘ಡ’ಕಾರದಿಂದ ಆರಂಭವಾದ ವಾಕ್ಯವನ್ನು ವರ್ಡ್ ಉಪಕಾರ ಮಾಡಲು ಹೋಗಿ ‘ಕಿ’ಕಾರಕ್ಕೆ ತಿರುಗಿಸಿದರೆ ತಪ್ಪು ಯಾರದೆಂದು ಅಂಗಡಿಯವರಿಗೆ ಹೊಳೆಯುವುದು ಕಷ್ಟ. ಕನ್ನಡ ಡಿ.ಟಿ.ಪಿ. ಕಲಿಸುವವರು ಹೊಸ ಹುಡುಗರಿಗೆ ‘ಆಟೋ ಕರೆಕ್ಟ್ ಆಫ್ ಮಾಡು’ ಎಂದು ಹೇಳಿಕೊಡುತ್ತಿದ್ದುದು ಇದೇ ಅನುಭವದಿಂದ.

ಕ್ಲಿಪ್ಪಿಯ ಅತಿ ಪ್ರಸಿದ್ಧ ಉಪದ್ರವ ಕನ್ನಡಿಗರನ್ನು ತಟ್ಟಲಿಲ್ಲ. ಇಂಗ್ಲಿಷಿನಲ್ಲಿ ‘ಡಿಯರ್’ ಎಂದು ಹೊಡೆದು ಮುಂದಿನ ಸಾಲಿಗೆ ಹೋದೊಡನೆ ಗೊಂಬೆ ಜಿಗಿದುಬಂದು, ಪತ್ರ ಬರೆಯುತ್ತಿರುವಂತಿದೆ, ಸಹಾಯ ಬೇಕೇ ಎನ್ನುತ್ತಿತ್ತು. ‘ಮಾನ್ಯರೇ’ ಎಂದೋ ‘ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು’ ಎಂದೋ ಬರೆದವರ ಎದುರು ಅದು ಸುಮ್ಮನೆ ಕೂತಿರುತ್ತಿತ್ತು. ಅದರ ಮೌನವನ್ನು ಮರ್ಯಾದೆ ಎಂದುಕೊಳ್ಳುವಂತಿಲ್ಲ. ಓದಲು ಬಾರದಿದ್ದುದೇ ಕಾರಣ.

ಅಸಲಿಗೆ ಮೂಲ ಯೋಜನೆ ಈ ‘ಡಿಯರ್’ ಯುಕ್ತಿಯಷ್ಟು ಒರಟಾಗಿರಲಿಲ್ಲ. ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಎರಿಕ್ ಹಾರ್ವಿಟ್ಸ್ ಮತ್ತು ಸಂಗಡಿಗರು 1993ರಲ್ಲಿ ಆರಂಭಿಸಿದ ‘ಲುಮಿಯೇರ್’ ಯೋಜನೆಯಲ್ಲಿ, ಬಳಸುವವರು ಎಲ್ಲಿ ತಡವರಿಸುತ್ತಾರೆ, ಯಾವ ಪಟ್ಟಿಯನ್ನು ತೆರೆದು ಮುಚ್ಚುತ್ತಾರೆ ಎಂಬ ಸುಳಿವುಗಳನ್ನು ಸಂಭವನೀಯತೆಯ ಜಾಲಕ್ಕೆ ಹಾಕಿ, ಅವರಿಗೆ ನೆರವು ಬೇಕಿರುವ ಸಾಧ್ಯತೆ ಎಷ್ಟೆಂದು ಎಣಿಸುವ ಏರ್ಪಾಡು ಇತ್ತು. ಅನುಭವ ಹೆಚ್ಚಿದಂತೆ ಅಡ್ಡಬರುವುದು ಕಡಿಮೆಯಾಗಬೇಕೆಂಬುದೂ ಅದರ ಭಾಗ. ಆಫೀಸಿಗೆ ಸೇರುವಾಗ ಅದರ ಹೆಚ್ಚಿನ ಪಾಲು ಉದುರಿತು. ಚಿತ್ರಗಳಿಗೆ ಜಾಗ ಸಿಕ್ಕಿತು, ವಿವೇಕಕ್ಕೆ ಸಿಗಲಿಲ್ಲ.

ಕೊನೆಗಾಲ

2001ರ ಆಫೀಸ್ ಎಕ್ಸ್‌ಪಿಯಲ್ಲಿ ಗೊಂಬೆ ತಾನಾಗಿ ಬರುವುದನ್ನು ನಿಲ್ಲಿಸಲಾಯಿತು. ಅದನ್ನೇ ಜಾಹೀರಾತು ಮಾಡಿ, ಕೆಲಸ ಕಳೆದುಕೊಂಡ ಕ್ಲಿಪ್ಪಿಯನ್ನು ಹಾಸ್ಯನಟ ಗಿಲ್ಬರ್ಟ್ ಗಾಟ್‌ಫ್ರೀಡ್ ಧ್ವನಿಯಲ್ಲಿ ಗೋಳಾಡಿಸಿ ಕಂಪನಿ ತನ್ನದೇ ಪಾತ್ರವನ್ನು ಲೇವಡಿ ಮಾಡಿತು. ಆಫೀಸ್ 2003ರಲ್ಲಿ ಬೇಕೆಂದು ಕೇಳಿದವರಿಗಷ್ಟೇ ಸಿಕ್ಕಿತು. ಆಫೀಸ್ 2007ರಲ್ಲಿ ಪೂರ್ತಿ ಹೋಯಿತು. ಏಜೆಂಟ್ ಇನ್ನೆರಡು ವರ್ಷ ಉಸಿರು ಹಿಡಿದು, 2009ರ ವಿಂಡೋಸ್ 7ರಿಂದ ಹೊರಬಿತ್ತು. ಹಳೆಯ ಗಿರಾಕಿಗಳ ಒತ್ತಾಯಕ್ಕೆ ಬೇರೆಯಾಗಿ ಹಾಕಿಕೊಳ್ಳುವ ತುಣುಕೊಂದನ್ನು ಕೊಟ್ಟರಾದರೂ ಅದೇ ಕೊನೆ.

ಆಡಿಸುವ ತಂತ್ರಾಂಶ ಹೋದ ಮೇಲೆ ಫೈಲುಗಳ ಪಾಡು ಬೇರೆ ಬೇರೆಯಾಯಿತು. ಎಸಿಎಸ್‌ನ ಒಳರಚನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿರಲಿಲ್ಲ. ಆದರೆ ಗೊಂಬೆ ಮಾಡುವ ‘ಕ್ಯಾರೆಕ್ಟರ್ ಎಡಿಟರ್’ ಅನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟಿತ್ತು. ಹವ್ಯಾಸಿಗಳಿಗೆ ಅಷ್ಟೇ ಸಾಕಾಯಿತು. ಒಂದೇ ಬಣ್ಣದ ಚಿತ್ರವೊಂದನ್ನು ಹಾಕಿ ಫೈಲು ಮಾಡುವುದು, ಬಣ್ಣ ಬದಲಿಸಿ ಇನ್ನೊಂದು ಮಾಡುವುದು, ಎರಡನ್ನೂ ಪಕ್ಕದಲ್ಲಿಟ್ಟು ಯಾವ ಬೈಟು ಬದಲಾಯಿತೆಂದು ನೋಡುವುದು. ಇಂಥ ತಾಳ್ಮೆಯಿಂದ ನಾಲ್ಕು ವಿಳಾಸಗಳು, ಚಿತ್ರ ಒತ್ತುವ ವಿಧಾನ, ಕವಲುಗಳ ಲೆಕ್ಕ ಎಲ್ಲವೂ ಬಯಲಾದವು. ಅದರ ಬಲದ ಮೇಲೆ ‘ಡಬಲ್ ಏಜೆಂಟ್’ ಎಂಬ ಮುಕ್ತ ತಂತ್ರಾಂಶ ಹಳೆಯ ಗೊಂಬೆಗಳನ್ನು ಹೊಸ ವಿಂಡೋಸಿನಲ್ಲಿ ಕುಣಿಸಿತು. ಎಸಿಪಿಗೆ ಆ ಭಾಗ್ಯ ಬರಲಿಲ್ಲ. ಪೂರ್ತಿ ಗೊಂಬೆಯೇ ಕೈಗೆ ಸಿಕ್ಕಮೇಲೆ ಬೋರ್ಡಿನ ಚಿತ್ರಕ್ಕೆ ತಲೆಕೆಡಿಸಿಕೊಳ್ಳುವವರು ಯಾರು? ಅದರ ಹೆಸರು ಈಗ ಹೆಚ್ಚಾಗಿ ಉಳಿದಿರುವುದು ಫೈಲ್ ಬಗೆಗಳ ಪಟ್ಟಿಗಳಲ್ಲಿ, ಒಂದು ಸಾಲಿನ ವಿವರಣೆಯಾಗಿ. ಇಂಥ ಪಟ್ಟಿಗಳನ್ನು ಗಂಭೀರವಾಗಿ ಇಡುವ ಸಂಸ್ಥೆಗಳೂ ಇವೆ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ‘ಪ್ರೋನೋಮ್’ ಎಂಬ ದಾಖಲೆಯಲ್ಲಿ ಫೈಲ್ ಬಗೆಗಳ ಮುದ್ರೆಗಳನ್ನು ಕೂಡಿಡುತ್ತ ಬಂದಿದೆ, ಬಾಲದ ಮೂರಕ್ಷರ ಅಳಿಸಿಹೋದ ಫೈಲನ್ನೂ ಗುರುತಿಸಲು ಆಗಲೆಂದು.

ನುಡಿಯ ಹಳೆಯ ಫೈಲುಗಳು ಈ ಎರಡು ಗತಿಗಳ ನಡುವೆ ನಿಲ್ಲುತ್ತವೆ. ಯಾದಗಿರಿಯ ಯಾವುದೋ ಅಂಗಡಿಯಲ್ಲಿ 2003ರಲ್ಲಿ ಹೊಡೆದ ಲಗ್ನಪತ್ರಿಕೆಯ ಫೈಲು ಇಂದು ಸಿಕ್ಕಿತು ಎಂದಿಟ್ಟುಕೊಂಡರೆ, ಅಕ್ಷರಶೈಲಿ ಇಲ್ಲದ ಫೋನಿನಲ್ಲಿ ಅದು ಪೌಂಡು, ಗೆರೆಗಳ ಸಾಲು. ಆದರೆ ಯಾವ ಗೂಡಿನಲ್ಲಿ ಯಾವ ತುಂಡಿದೆ ಎಂಬ ಕೋಷ್ಟಕ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಹಲವರು ಬರೆದರು. ಕೆಲಸ ಒಂದಕ್ಕೊಂದು ಅಕ್ಷರ ಬದಲಿಸಿದಷ್ಟು ಸುಲಭವಲ್ಲ. ನುಡಿಯಲ್ಲಿ ಒತ್ತಕ್ಷರ ಕಣ್ಣಿಗೆ ಕಾಣುವ ಕ್ರಮದಲ್ಲಿ, ಸ್ವರದ ಗುರುತಿನ ಆಚೆ ಕೂರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ, ಸ್ವರಕ್ಕಿಂತ ಮೊದಲು ಬರುತ್ತದೆ. ‘ಕನ್ನಡ’ದ ಏಳು ತುಂಡುಗಳು ಐದು ಸಂಕೇತಗಳಾಗುತ್ತವೆ: ಕ, ನ, ಹಲಂತದ ಗುರುತು, ಇನ್ನೊಂದು ನ, ಡ. ಇಂದು ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಇವು ತೆಗೆದುಕೊಳ್ಳುವುದು ಹದಿನೈದು ಬೈಟು, ಹಳೆಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ಗೊಂಬೆಗಳೂ ಹೀಗೆಯೇ ಹೊಸ ಬಟ್ಟೆ ತೊಟ್ಟವು. 2012ರಲ್ಲಿ ಹೊರಬಂದ ‘ಕ್ಲಿಪ್ಪಿ ಡಾಟ್ ಜೆಎಸ್’ ಎಂಬ ಪುಟ್ಟ ಕಾರ್ಯಕ್ರಮ ಎಸಿಎಸ್ ಫೈಲುಗಳನ್ನು ಬಿಚ್ಚಿ, ಒಂದೊಂದು ಗೊಂಬೆಯ ಎಲ್ಲ ಚಿತ್ರಗಳನ್ನೂ ಒಂದೇ ದೊಡ್ಡ ಹಾಳೆಯ ಮೇಲೆ ಸಾಲಾಗಿ ಅಂಟಿಸಿತು. ಕ್ಲಿಪ್ಪಿಯ ಒಂದು ಚಿತ್ರ ಅದರಲ್ಲಿ 124 ಪಿಕ್ಸೆಲ್ ಅಗಲ, 93 ಪಿಕ್ಸೆಲ್ ಎತ್ತರ. ಪಕ್ಕದಲ್ಲೊಂದು ಸರಳ ಪಠ್ಯದ ಫೈಲು: ಯಾವ ಆಟಕ್ಕೆ ಹಾಳೆಯ ಯಾವ ಚೌಕ, ಎಷ್ಟು ಹೊತ್ತು, ಎಲ್ಲಿ ಕವಲು, ಎಲ್ಲಿ ನಿರ್ಗಮನ. ಚಿತ್ರವನ್ನು ಯಾವ ಬ್ರೌಸರಿನಲ್ಲೂ ನೋಡಬಹುದು, ಪಠ್ಯವನ್ನು ಯಾರು ಬೇಕಾದರೂ ಓದಬಹುದು. ಪೂರ್ತಿ ಗೊಂಬೆ ಕೆಲವೇ ಸೆಕೆಂಡುಗಳಲ್ಲಿ ಫೋನಿಗೆ ಇಳಿದುಬಿಡುವುದರಿಂದ ಮುನ್ನೋಟಕ್ಕೆಂದು ಬೇರೆ ಫೈಲು ಈ ಏರ್ಪಾಡಿನಲ್ಲಿ ಇಲ್ಲ.